ಮೂರನೆಯ ನಕಲು

ಕಂಪ್ಯೂಟರು ಸತ್ತ ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ತಿಂಡಿ ತಿನ್ನಲಿಲ್ಲ. ಬೆಳಿಗ್ಗೆ ಅಕ್ಕ ಗುಂಡಿ ಒತ್ತಿದಳು. ಪರದೆ ಕಪ್ಪಗೇ ಉಳಿಯಿತು. ತಂತಿಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದಳು, ಪೆಟ್ಟಿಗೆಯ ತಲೆಗೆ ಒಂದು ಕೊಟ್ಟೂ ನೋಡಿದಳು. ಒಳಗಿಂದ ಟಿಕ್ ಟಿಕ್ ಎಂದು ಸದ್ದು ಬಂತೇ ಹೊರತು ಬೇರೇನೂ ಬರಲಿಲ್ಲ. ಆ ಪೆಟ್ಟಿಗೆಯೊಳಗೆ ಇಡೀ ಮನೆಯ ಅನ್ನವಿತ್ತು.

ಮನೆಯ ಕೆಳ ಅಂತಸ್ತಿನಲ್ಲಿ ಆರು ತಲೆಯ ಕಸೂತಿ ಯಂತ್ರವಿದೆ. ಶಾಲೆಗಳ ಬ್ಯಾಡ್ಜು, ಆಸ್ಪತ್ರೆಯ ಕೋಟುಗಳ ಮೇಲಿನ ಹೆಸರು, ಹೋಟೆಲಿನ ಟವೆಲುಗಳ ಮೂಲೆಯ ಗುರುತು, ಎಲ್ಲ ಅದು ಹೊಲಿಯುತ್ತದೆ. ಆದರೆ ಯಂತ್ರಕ್ಕೆ ಬುದ್ಧಿಯಿಲ್ಲ. ಯಾವ ಹೊಲಿಗೆ ಎಲ್ಲಿ ಬೀಳಬೇಕು, ದಾರ ಯಾವ ಕಡೆಗೆ ಮಲಗಬೇಕು, ಎಲ್ಲಿ ನಿಂತು ಬಣ್ಣ ಬದಲಾಯಿಸಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಕೂತು ಯಾರಾದರೂ ಬರೆದು ಕೊಡಬೇಕು. ಹದಿನಾಲ್ಕು ವರ್ಷದಿಂದ ಬರೆದು ಕೊಡುತ್ತಿದ್ದವಳು ಅಕ್ಕ. ತಮ್ಮನೂ ತಮ್ಮನ ಹೆಂಡತಿಯೂ ಕರೆಯುವ ಹಾಗೆ ನಾವೂ ಅವಳನ್ನು ಅಕ್ಕ ಎಂದೇ ಕರೆಯೋಣ.

ಅವಳಿಗೆ ಸಂಬಂಧ ಬಂದಿರಲಿಲ್ಲವೆಂದಲ್ಲ, ಎರಡು ಬಂದಿದ್ದವು. ಮೊದಲನೆಯದು ಶಾಲೆಗಳು ಶುರುವಾಗುವ ಹೊತ್ತಿಗೆ ಬಂತು. "ಈಗ ಸೀಸನ್ನು, ಇವಳನ್ನ ಕಳಿಸಿಬಿಟ್ರೆ ಮಷಿನ್ನಿಗೆ ಯಾರು ದಿಕ್ಕು" ಎಂದ ಅಪ್ಪ. ಎರಡನೆಯದು ಸೀಸನ್ನು ಮುಗಿದ ಮೇಲೆ ಬಂತು. ಅಪ್ಪ ಆಗಲೂ ಅದನ್ನೇ ಹೇಳಿದ. ಅಕ್ಕ ಒಂದು ರಾತ್ರಿ ಅತ್ತಳು. ಆಮೇಲೆ ಆ ಮಾತನ್ನೇ ತನ್ನ ಬಿರುದು ಮಾಡಿಕೊಂಡಳು. ತಾನಿಲ್ಲದೆ ಈ ಮನೆ ನಡೆಯುವುದಿಲ್ಲ. ಕಂಪ್ಯೂಟರಿನ ಮುಂದಿನ ಕುರ್ಚಿ, ಯಂತ್ರದ ಪಕ್ಕದ ಕೋಣೆಯಲ್ಲಿ ಒಂದು ಮಂಚ, ಈ ಎರಡು ಬಿಟ್ಟರೆ ಲೋಕದಲ್ಲಿ ಅವಳದು ಎಂದು ಏನೂ ಇರಲಿಲ್ಲ. ಆದ್ದರಿಂದ ಅವನ್ನು ಅವಳು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ಊಟಕ್ಕೆ ಕರೆದರೆ ಬೇಕೆಂದೇ ತಡಮಾಡುತ್ತಿದ್ದಳು. ಮೇಲೆ ತಟ್ಟೆ ಹಾಕಿಕೊಂಡು ಎಲ್ಲರೂ ಅವಳಿಗಾಗಿ ಕಾಯುವ ಸದ್ದು ಕೆಳಗೆ ಕೇಳಿಸುತ್ತಿತ್ತು, ಆ ಸದ್ದು ಅವಳಿಗೆ ಬಹಳ ಹಿಡಿಸುತ್ತಿತ್ತು.

ರಿಪೇರಿಯವನು ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಎರಡು ದಿನ ಇಟ್ಟುಕೊಂಡ. ಆ ಎರಡು ದಿನ ಯಂತ್ರ ಬಟ್ಟೆ ಹೊದ್ದು ಮಲಗಿತ್ತು. ಆಸ್ಪತ್ರೆಯವರು ಫೋನು ಮಾಡಿ ತಮ್ಮನ ಕಿವಿ ಹರಿಯುವ ಹಾಗೆ ಬೈದರು. ತಮ್ಮನನ್ನು ಮನೆಯಲ್ಲಿ ಗುಂಡ ಎನ್ನುತ್ತಾರೆ. ಹೆಸರಿಗೆ ಗುಂಡ, ಆಳು ಕಡ್ಡಿ. ಗಿರಾಕಿಗಳ ಹತ್ತಿರ ಹೋಗಿ ಕೆಲಸ ತರುವುದು ಅವನ ಪಾಲಿನದು.

ಮೂರನೆಯ ದಿನ ಪೆಟ್ಟಿಗೆ ಜೀವ ಪಡೆದು ಬಂತು. ಡಿಸ್ಕು ಇನ್ನೊಂದು ಸಲ ಹೀಗಾದರೆ ತನ್ನ ಕೈಯಲ್ಲಿ ಆಗುವುದಿಲ್ಲವೆಂದು ರಿಪೇರಿಯವನು ಹೇಳಿ ಹೋದ. ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮುಖದಲ್ಲಿ ದುಃಖಕ್ಕಿಂತ ಖುಷಿಯೇ ಹೆಚ್ಚಿತ್ತು.

"ನಾನು ಹೇಳಿರ್ಲಿಲ್ವಾ? ಎಷ್ಟು ಸಲ ಹೇಳಿದೀನಿ, ಇನ್ನೊಂದು ಡಿಸ್ಕು ತೆಗೀರಿ, ನಕಲು ಇಡೋಣ ಅಂತ. ಯಾರಾದ್ರೂ ಸೊಪ್ಪು ಹಾಕಿದ್ರಾ?"

"ಈಗ ಆಯ್ತಲ್ಲ, ಬಿಡು," ಎಂದಳು ಅಮ್ಮ. "ಅನ್ನ ಆರೋಗತ್ತೆ."

"ಬಿಡೋದಲ್ಲ. ಒಂದು ನಕಲು ಸಾಲಲ್ಲ. ಒಟ್ಟು ಮೂರು ಇರ್ಬೇಕು. ಒಂದು ಕಂಪ್ಯೂಟರಲ್ಲಿ. ಒಂದು ಬೇರೆ ಡಿಸ್ಕಲ್ಲಿ, ಮನೇಲೇ, ಮೇಲಿನ ಬೀರುವಲ್ಲಿ. ಇನ್ನೊಂದು ಈ ಮನೆಯಿಂದಾನೇ ಹೊರಗೆ, ಬೇರೆ ಊರಲ್ಲಾದ್ರೂ ಸರಿ. ನಾಳೆ ಮನೆಗೆ ಬೆಂಕಿ ಬಿತ್ತು ಅಂತಿಟ್ಕೊ."

"ಬಾಯಿ ತೊಳ್ಕೊ ಮೊದಲು," ಎಂದಳು ಅಮ್ಮ. "ಉಣ್ಣೋದು ಒಂದು ತುತ್ತು ಅನ್ನ, ಅದಕ್ಕೆ ಮೂರು ಪಾತ್ರೆ ಬೇಕಂತೆ."

ಅಕ್ಕ ತಿರುಗಿ ಉತ್ತರ ಕೊಡುವ ಮೊದಲೇ ಗುಂಡ ಬಾಯಿ ಹಾಕಿದ. "ಅಮ್ಮ, ನೀನು ಸುಮ್ನಿರು. ಅಕ್ಕ ಹೇಳ್ತಿರೋದು ಸರಿ." ಅಕ್ಕನಿಗೆ ಆಶ್ಚರ್ಯವಾಯಿತು. ಗುಂಡ ಅವಳ ಮಾತು ಸರಿ ಎಂದದ್ದು ಅವಳಿಗೆ ನೆನಪಿದ್ದ ಮಟ್ಟಿಗೆ ಇದೇ ಮೊದಲು. ಅವನು ಅನ್ನಕ್ಕೆ ಬೇಳೆ ಕಲಸುತ್ತ ಕೇಳಿದ, "ಆಮೇಲೆ, ಆ ನಕಲನ್ನ ಯಾರು ಬೇಕಾದ್ರೂ ತೆಗೆದು ಮಷಿನ್ನಿಗೆ ಹಾಕೋ ಹಾಗಿರ್ಬೇಕು, ಅಲ್ವಾ? ನಿನಗೊಬ್ಬಳಿಗೇ ಗೊತ್ತಿದ್ರೆ ಏನು ಬಂತು."

"ಹೌದು ಮತ್ತೆ. ತೆಗೆದು ನೋಡದ ನಕಲು ನಕಲೇ ಅಲ್ಲ. ತಿಂಗಳಿಗೊಂದು ಸಲ ತೆಗೆದು ನೋಡ್ಬೇಕು. ಅದೂ ನಾನಲ್ಲ, ಬೇರೆಯವರು ತೆಗೀಬೇಕು. ನಾನು ಸತ್ತೋಗಿದೀನಿ ಅಂದ್ಕೊಂಡು."

ಅಪ್ಪ ತಟ್ಟೆಯಿಂದ ತಲೆಯೆತ್ತಿದ. ಅವನು ಎಂದೂ ದನಿ ಎತ್ತಿದವನಲ್ಲ, ಮೆತ್ತಗಿನ ಮನುಷ್ಯ. "ಮಾಡಮ್ಮ," ಎಂದ. "ಅಚ್ಚುಕಟ್ಟಾಗಿ ಮಾಡು. ಸೊಸೆಗೆ ಹೇಳಿಕೊಡು."

ಅಕ್ಕ ಆ ರಾತ್ರಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಸೊಸೆ ಎಂದರೆ ಗುಂಡನ ಹೆಂಡತಿ. ಮದುವೆಗೆ ಮೊದಲು ವಿಮೆ ಕಚೇರಿಯೊಂದರಲ್ಲಿ ಕೂತು ಕಾಗದಪತ್ರ ಜೋಡಿಸುತ್ತಿದ್ದ ಹುಡುಗಿ. ಮಾತು ಕಡಿಮೆ, ತುಟಿ ಬಿಗಿ. ಈಗ ಐದು ತಿಂಗಳ ಬಸುರಿ. ಗಂಡಹೆಂಡಿರ ಕೋಣೆ ಮೂರನೆಯ ಅಂತಸ್ತಿನಲ್ಲಿತ್ತು, ಮೆಟ್ಟಿಲು ಕಡಿದು. ಹತ್ತಿ ಇಳಿಯುವಾಗ ಅವಳು ಪಕ್ಕದ ಕಂಬಿ ಹಿಡಿದು ಉಸಿರು ಬಿಡುವುದನ್ನು ಮನೆಯವರೆಲ್ಲ ನೋಡುತ್ತಿದ್ದರು. ಅಕ್ಕನೂ ನೋಡುತ್ತಿದ್ದಳು. ನೋಡಿ, ಕೆಳಗಿನ ತನ್ನ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದಳು.

ಹೊಸ ಡಿಸ್ಕುಗಳು ಬಂದವು. ಇಬ್ಬರೂ ಕೂತರು. ಸೊಸೆ ಮೊದಲು ಫೈಲುಗಳ ಹೆಸರು ನೋಡಿದಳು. ಕೊನೆಯ ತನಕ ಸರಿಸಿ, ಮತ್ತೆ ಮೊದಲಿಗೆ ಬಂದಳು.

"ಅಕ್ಕ, ಇದರಲ್ಲಿ ಆಸ್ಪತ್ರೆದು ಯಾವುದು?"

"ಅದಾ? 'ಗುಂಡ ಮತ್ತೆ ಫೇಲು' ಅಂತಿದೆ ನೋಡು, ಅದು."

ಅಕ್ಕನದೇ ಒಂದು ಪದ್ಧತಿಯಿತ್ತು. ಹೊಸ ಡಿಸೈನು ಮಾಡಿದ ದಿನ ಮನೆಯಲ್ಲಿ ಏನು ನಡೆದಿತ್ತೋ ಅದನ್ನೇ ಫೈಲಿಗೆ ಹೆಸರಿಡುತ್ತಿದ್ದಳು. ಅವಳಿಗೆ ಅದರಿಂದ ಎಲ್ಲ ನೆನಪಿರುತ್ತಿತ್ತು. ಬೇರೆ ಯಾರಿಗೂ ಒಂದು ಫೈಲೂ ಸಿಗುತ್ತಿರಲಿಲ್ಲ. ಇವೆರಡರಲ್ಲಿ ಯಾವುದಕ್ಕಾಗಿ ಅವಳು ಹಾಗೆ ಮಾಡುತ್ತಿದ್ದಳೋ, ಅವಳನ್ನು ಕೇಳಿದರೆ ಮೊದಲನೆಯದು ಎನ್ನುತ್ತಿದ್ದಳು. ನಾವು ನಂಬಬೇಕಾಗಿಲ್ಲ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಸೊಸೆ ಬಡಿಸುತ್ತ, ಯಾವ ಭಾವನೆಯೂ ಇಲ್ಲದ ದನಿಯಲ್ಲಿ ಮಾತು ತೆಗೆದಳು. "ಹೆಸರೆಲ್ಲ ಬದಲಾಯಿಸ್ಬೇಕು ಮಾವ. ಗಿರಾಕಿಗಳ ಹೆಸರಲ್ಲಿ ಇಡ್ಬೇಕು. ಈಗ ಹುಡುಗೀರ ಶಾಲೆ ಬ್ಯಾಡ್ಜಿಗೆ 'ಅಮ್ಮ ಲೋಟ ಎಸೆದದ್ದು' ಅಂತಿದೆ."

ಅಮ್ಮನ ಕೈ ಬಾಯಿಯ ಹತ್ತಿರವೇ ನಿಂತಿತು. "ನಾನೆಲ್ಲಿ ಎಸೆದೆ? ಕೈ ಜಾರಿತ್ತು."

"ಹೋಟೆಲಿನ ಟವೆಲಿಗೆ 'ಅಪ್ಪನ ಗೊರಕೆ'. ಅದರಲ್ಲೇ ಒಂದು, ಎರಡು, ಮೂರು ಇದಾವೆ. ದೊಡ್ಡ ಶಾಲೆದು ಒಂದಕ್ಕೆ 'ಬಂದಳು ಮಹಾರಾಣಿ'." ಸೊಸೆ ಸೌಟನ್ನು ಪಾತ್ರೆಯಲ್ಲಿಟ್ಟಳು. "ಅದು ನನ್ನ ಮದುವೆ ವಾರದ್ದು. ಆಮೇಲೆ 'ಮಹಾರಾಣಿಗೆ ತಲೆನೋವು'. ಆಮೇಲೆ 'ಮಹಾರಾಣಿಗೆ ಮತ್ತೆ ತಲೆನೋವು'."

ಗುಂಡನಿಗೆ ನಗು ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ. ಅಕ್ಕ ಮಾತ್ರ ಗಟ್ಟಿಯಾಗಿ ನಕ್ಕಳು. "ನಗೋಕ್ಕೆ ಏನು ಧಾಡಿ ನಿಮಗೆಲ್ಲ? ತಮಾಷೆಗೆ ಇಟ್ಟಿದ್ದು."

ಯಾರೂ ನಗಲಿಲ್ಲ. ಅಪ್ಪ ಕೈ ತೊಳೆಯಲು ಎದ್ದವನು ಹೇಳಿದ, "ಎಲ್ಲಾನೂ ಬದಲಾಯಿಸು. ಒಂದೂ ಬಿಡಬೇಡ." ಅಕ್ಕನಿಗೆ ಸ್ವಲ್ಪ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟನ್ನು ತೀರಿಸಿಕೊಳ್ಳಲು ಪಕ್ಕದ ಕುರ್ಚಿಯಲ್ಲೇ ಆಳು ಸಿಕ್ಕಿತ್ತಲ್ಲ.

ಮುಂದಿನ ವಾರಗಳಲ್ಲಿ ಅಕ್ಕ ಕಲಿಸಿದ ರೀತಿ ನೋಡಿದ್ದರೆ ಯಾರಿಗಾದರೂ ಕರುಳು ಚುರುಕ್ ಎನ್ನಬೇಕು. ಯಂತ್ರಕ್ಕೆ ದಾರ ಪೋಣಿಸುವುದರಿಂದ ಶುರು ಮಾಡಿಸಿದಳು. ತಲೆಗೆ ಒಂಬತ್ತರಂತೆ ಐವತ್ತನಾಲ್ಕು ಸೂಜಿ. ಬಾಗಿ ಬಾಗಿ ಸೊಸೆಯ ಸೊಂಟ ಹಿಡಿದುಕೊಂಡಿತು. ಪೋಣಿಸಿ ಮುಗಿಸಿದ ಮೇಲೆ ಅಕ್ಕ ಬಂದು ನೋಡಿ, "ಬಣ್ಣದ ಸಾಲು ತಪ್ಪಿದೆ, ಎಲ್ಲಾ ಬಿಚ್ಚು" ಎಂದಳು. ಸಾಲು ತಪ್ಪಿದ್ದು ಕೊನೆಯ ತಲೆಯಲ್ಲಿ ಮಾತ್ರ. ಸೊಸೆ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡು ಬಂದು, ಬಾಯಿ ಒರೆಸಿಕೊಂಡು, ಎಲ್ಲವನ್ನೂ ಬಿಚ್ಚಿದಳು.

"ಒಂದು ಮಾತಾಡಲ್ಲ ನೋಡು ಅವಳು," ಎಂದಳು ಅಕ್ಕ, ಸಂಜೆ ಅಮ್ಮನ ಜೊತೆ ಸೊಪ್ಪು ಬಿಡಿಸುತ್ತ. "ಕಲ್ಲಿಗೆ ಬಟ್ಟೆ ಉಡಿಸಿದ ಹಾಗೆ."

"ಕಲೀತಾಳೋ ಇಲ್ವೋ?"

"ಕಲೀತಾಳೆ. ನಾನು ಬಿಡ್ತೀನಾ."

"ಚೆನ್ನಾಗಿ ಕಲಿಸು," ಎಂದಳು ಅಮ್ಮ. ಕಡ್ಡಿಗಳನ್ನು ಬುಟ್ಟಿಗೆ ಹಾಕುತ್ತ ಸೇರಿಸಿದಳು, "ಮಗು ಆದ್ಮೇಲೆ ಅವಳು ಆ ಮೆಟ್ಟಿಲು ಹತ್ತೋದು ಹೇಗೆ ಅಂತ."

"ಎಲ್ಲರೂ ಹತ್ತಲ್ವಾ?"

"ನಿನ್ನ ಕೋಣೆ ಆದ್ರೆ ನೆಲಕ್ಕೇ ಇದೆ."

"ನನ್ನ ಕೋಣೆ ಮಷಿನ್ನಿನ ಪಕ್ಕ ಇರ್ಬೇಕು. ರಾತ್ರಿ ಆರ್ಡರು ಓಡ್ತಿದ್ರೆ ದಾರ ತುಂಡಾದಾಗ ನೀನೆದ್ದು ಬರ್ತೀಯಾ?" ಅಕ್ಕ ಎದ್ದುಹೋದಳು. ಅಮ್ಮ ಉಳಿದ ಸೊಪ್ಪನ್ನು ಒಬ್ಬಳೇ ಬಿಡಿಸಿದಳು, ಆಮೇಲೆ ಆ ಮಾತು ಎತ್ತಲಿಲ್ಲ. ಅಕ್ಕ ತಾನು ಗೆದ್ದೆನೆಂದುಕೊಂಡಳು.

ಮನೆಯ ಹೊರಗಿನ ನಕಲು ಎಲ್ಲಿಡುವುದೆಂಬ ಮಾತು ಬಂದಾಗ ಗುಂಡ ಸೋದರತ್ತೆಯ ಮನೆ ಎಂದ. ಸೋದರತ್ತೆ ಅಪ್ಪನ ಅಕ್ಕ. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿ ಒಂಟಿಯಾಗಿದ್ದಳು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ಬಾಯಿ ಮಾತ್ರ ಮುರಿದಿರಲಿಲ್ಲ. ನೋಡಿಕೊಳ್ಳಲು ಇಟ್ಟ ಹೆಂಗಸರು ಒಬ್ಬೊಬ್ಬರಾಗಿ ಅವಳ ಬೈಗುಳ ತಿಂದು ಓಡಿಹೋಗಿದ್ದರು. ಊಟದ ಹೊತ್ತಿಗೆ ಸರಿಯಾಗಿ ಅವಳ ಫೋನು ಬರುತ್ತಿತ್ತು. ಅಪ್ಪ ತಟ್ಟೆ ಬಿಟ್ಟು ಎದ್ದು, ಗೋಡೆಯ ಕಡೆ ತಿರುಗಿ, "ಆಯ್ತಕ್ಕ, ನೋಡ್ತೀನಕ್ಕ" ಎನ್ನುತ್ತಿದ್ದ.

"ಅಲ್ಲಿ ಯಾರು ನೋಡ್ಕೋತಾರೆ ಡಿಸ್ಕನ್ನ?" ಎಂದು ಅಕ್ಕ ಕೇಳಿದಳು. "ಧೂಳು ಕೂತ್ರೆ ಹೋಯ್ತು. ಮುದುಕಿ ಅದರ ಮೇಲೆ ಹಾಲಿನ ಲೋಟ ಇಡ್ತಾಳೆ."

"ಒಂದು ವ್ಯವಸ್ಥೆ ಮಾಡೋಣ," ಎಂದ ಗುಂಡ.

ಪ್ರತಿ ಶುಕ್ರವಾರ ಸಂಜೆಯೂ ಸೊಸೆ ನಕಲು ತೆಗೆಯತೊಡಗಿದಳು. ಕಂಪ್ಯೂಟರಿನಿಂದ ಬೀರುವಿನ ಡಿಸ್ಕಿಗೆ, ಅಲ್ಲಿಂದ ಹೊರಗಿನ ಡಿಸ್ಕಿಗೆ. ಅಕ್ಕ ಬೆನ್ನ ಹಿಂದೆ ನಿಂತು ತಪ್ಪು ಹುಡುಕುತ್ತಿದ್ದಳು. ಮೊದಲೆರಡು ವಾರ ಸಿಕ್ಕವು, ಆಮೇಲೆ ಸಿಗಲಿಲ್ಲ. ತಪ್ಪು ಸಿಗದಿದ್ದಾಗ, "ಕುರ್ಚಿ ಇಷ್ಟು ಮುಂದೆ ಎಳ್ಕೋಬೇಡ, ಹೊಟ್ಟೆ ಮೇಜಿಗೆ ತಾಗತ್ತೆ" ಎನ್ನುತ್ತಿದ್ದಳು. ಅದು ಕಾಳಜಿಯ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಪರೀಕ್ಷೆಯ ದಿನ ಬಂತು. ಅಕ್ಕನೇ ಗೊತ್ತುಮಾಡಿದ ದಿನ, ಅಕ್ಕನೇ ಬರೆದ ನಿಯಮ. ಕಂಪ್ಯೂಟರು ಹಾಳಾಗಿದೆ, ಅಕ್ಕ ಸತ್ತಿದ್ದಾಳೆ. ಬರಿಯ ಡಿಸ್ಕೊಂದರಿಂದ ಕೆಲಸ ನಡೆಯಬೇಕು. ಗುಂಡ ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರು ತಂದಿಟ್ಟ. ಅಪ್ಪ ಅಮ್ಮ ಕೂಡ ಕೆಳಗಿಳಿದು ಬಂದು, ಮದುವೆ ನೋಡಲು ಬಂದವರ ಹಾಗೆ ಗೋಡೆಗೆ ಕುರ್ಚಿ ಹಾಕಿಕೊಂಡು ಕೂತರು. ಅಕ್ಕನಿಗೆ ಬಾಗಿಲ ಹೊರಗೆ ಒಂದು ಮಣೆ.

ಸೊಸೆ ಡಿಸ್ಕು ಚುಚ್ಚಿದಳು. ಆಸ್ಪತ್ರೆಯ ಗುರುತನ್ನು ಹುಡುಕಿದಳು, ಹೊಸ ಹೆಸರಿನಲ್ಲಿ ಥಟ್ಟನೆ ಸಿಕ್ಕಿತು. ಯಂತ್ರಕ್ಕೆ ಕಳಿಸಿದಳು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದಳು.

"ಬಟ್ಟೆ ಕೆಳಗೆ ಕಾಗದ ಇಡು, ಇಲ್ದಿದ್ರೆ ಸುಕ್ಕು ಬರತ್ತೆ," ಎಂದು ಅಕ್ಕ ಮಣೆಯಿಂದಲೇ ಕೂಗಿದಳು.

"ಸತ್ತವರು ಮಾತಾಡಬಾರ್ದು," ಎಂದಳು ಅಮ್ಮ.

ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ಸೊಸೆ ಕಾಗದವನ್ನು ಆಗಲೇ ಇಟ್ಟಿದ್ದಳು. ಯಂತ್ರ ಓಡಿತು. ಗುರುತು ಒಂದು ಹೊಲಿಗೆಯೂ ತಪ್ಪದೆ ಬಂತು. ಅಪ್ಪ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಹಿಂಭಾಗ ನೋಡಿ, ಅಮ್ಮನಿಗೆ ಕೊಟ್ಟ. ಅಮ್ಮ ಗುಂಡನಿಗೆ ಕೊಟ್ಟಳು. ಮೊದಲು ಚಪ್ಪಾಳೆ ತಟ್ಟಿದವಳು ಅಕ್ಕ. ಇದೆಲ್ಲ ತನ್ನ ಬುದ್ಧಿಯೆಂದು ಅವಳ ಎದೆ ಉಬ್ಬಿತ್ತು. ಅಪ್ಪ ಗುಂಡನ ಕಡೆ ನೋಡಿ ತಲೆಯಾಡಿಸಿದ್ದನ್ನು ಅವಳು ಕಂಡಳು. ಅದನ್ನೂ ತನಗೆ ಸಂದ ಮೆಚ್ಚುಗೆಯೆಂದೇ ಲೆಕ್ಕಕ್ಕೆ ತೆಗೆದುಕೊಂಡಳು.

ಅದು ಶುಕ್ರವಾರ. ಮರುದಿನ ಶನಿವಾರವಿಡೀ ಅವಳು ಖುಷಿಯಲ್ಲೇ ಕೆಲಸ ಮಾಡಿದಳು. ಭಾನುವಾರ ರಾತ್ರಿ ಊಟ ಮುಗಿಯುತ್ತ ಬಂದಾಗ ಅಪ್ಪ ಗಂಟಲು ಸರಿಮಾಡಿಕೊಂಡ.

"ನಿನ್ನ ಸೋದರತ್ತೆ ಹತ್ರ ಇದ್ದ ಹೆಂಗಸೂ ಬಿಟ್ಟು ಹೋದಳಂತೆ."

"ಹೋಗ್ದೆ ಇರ್ತಾಳಾ," ಎಂದಳು ಅಕ್ಕ.

"ನೀನು ನಾಳೆ ಹೊರಡು. ಗುಂಡ ಗಾಡಿಗೆ ಹೇಳಿದಾನೆ."

"ಎಷ್ಟು ದಿನಕ್ಕೆ?"

ಸೊಸೆ ಎದ್ದು ಖಾಲಿ ಪಾತ್ರೆಗಳನ್ನು ಒಳಗೆ ಒಯ್ದಳು. ಅಮ್ಮ ಮೇಜಿನ ಮೇಲೆ ಬಿದ್ದ ಅಗುಳನ್ನು ಬೆರಳಿಂದ ಒತ್ತಿ ಒತ್ತಿ ತೆಗೆಯುತ್ತಿದ್ದಳು.

"ಎಷ್ಟು ದಿನಕ್ಕೆ ಅಂತ ಕೇಳಿದೆ."

"ಅವಳಿಗೆ ಯಾರಿದಾರೆ ಹೇಳು," ಎಂದ ಅಪ್ಪ. "ನಿನಗಾದ್ರೂ ಯಾರಿದಾರೆ. ಇಬ್ಬರೂ ಒಬ್ಬರಿಗೊಬ್ಬರು ಆಗ್ತೀರ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಮಷಿನ್ನು?"

"ನಡೆಯತ್ತಲ್ಲ. ನೋಡಿದ್ವಲ್ಲ ಮೊನ್ನೆ."

ಆಗ ಅಕ್ಕನಿಗೆ ಒಂದೊಂದಾಗಿ ಎಲ್ಲ ಅರ್ಥವಾಯಿತು: ಗುಂಡ ಹೊಗಳಿದ್ದು, ಅಮ್ಮ ಸೊಪ್ಪು ಬಿಡಿಸುತ್ತ ಕೋಣೆಯ ಮಾತು ತೆಗೆದದ್ದು, ಎಲ್ಲರೂ ಕುರ್ಚಿ ಹಾಕಿಕೊಂಡು ಕೂತದ್ದು. ನಮಗೆ ಎಂದೋ ಅರ್ಥವಾಗಿತ್ತು. ಅವಳಿಗೆ ಮಾತ್ರ ಹೊಗಳಿಕೆಯ ಹಸಿವು ಕಣ್ಣು ಕಟ್ಟಿಬಿಟ್ಟಿತ್ತು.

"ಹೊಸ ಡಿಸೈನು ಯಾರು ಮಾಡ್ತಾರೆ? ಇವಳಾ?"

"ಇರೋದೇ ಸಾವಿರಗಟ್ಟಲೆ ಇದೆಯಲ್ಲ ಅಕ್ಕ," ಎಂದ ಗುಂಡ. "ಗಿರಾಕಿಗಳು ಅದನ್ನೇ ಕೇಳೋದು. ಹೊಸದು ಬಂದ್ರೆ ಹೊರಗಡೆ ಮಾಡಿಸ್ತೀನಿ. ಮತ್ತೆ ನಿನ್ನ ಮೂರನೇ ನಕಲು, ಅದನ್ನೂ ನೀನೇ ತಗೊಂಡು ಹೋಗು. ಯಾರು ನೋಡ್ಕೋತಾರೆ ಅಂತ ಕೇಳಿದ್ದೆಯಲ್ಲ. ನೀನಿರ್ತೀಯ, ನೋಡ್ಕೋ."

"ನನ್ನ ಮದುವೆ ತಪ್ಪಿಸಿದ್ರಿ ನೀವು. ಮಷಿನ್ನಿಗೋಸ್ಕರ ಅಂದ್ರಿ."

"ಯಾರು ತಪ್ಪಿಸಿದ್ರು?" ಎಂದಳು ಅಮ್ಮ. "ನಿನ್ನ ನಾಲಿಗೆ ನೋಡಿ ಅವರೇ ಹಿಂದೆ ಸರಿದ್ರು."

ಇದು ಸುಳ್ಳೆಂದು ಅಪ್ಪನಿಗೆ ಗೊತ್ತಿತ್ತು. ಅವನು ನೀರು ಕುಡಿದ.

"ಎಲ್ಲಾ ಅಳಿಸಿಬಿಡ್ತೀನಿ," ಎಂದಳು ಅಕ್ಕ. "ಹದಿನಾಲ್ಕು ವರ್ಷದ್ದೂ ಅಳಿಸಿಬಿಡ್ತೀನಿ. ಆಮೇಲೆ ಹೊಲೀರಿ ನೀವು."

"ಅಳಿಸು," ಎಂದ ಗುಂಡ, ಸಿಟ್ಟಿಲ್ಲದೆ. "ಬೀರುವಲ್ಲೊಂದಿದೆ. ಗಾಡಿಗೆ ಹಾಕೋಕ್ಕೆ ಕಟ್ಟಿಟ್ಟಿರೋದು ಒಂದಿದೆ. ನೀನೇ ಹೇಳಿಕೊಟ್ಟಿದ್ದು."

ಬೆಳಿಗ್ಗೆ ಅವಳು ನಿಜವಾಗಿಯೂ ಅಳಿಸಿದಳು. ಎಲ್ಲರೂ ಎದ್ದ ಮೇಲೆಯೇ, ಎಲ್ಲರೂ ನೋಡುತ್ತಿರುವಾಗಲೇ ಕುರ್ಚಿಯಲ್ಲಿ ಕೂತಳು. ಯಾರಾದರೂ ಓಡಿಬಂದು ಕೈ ಹಿಡಿಯಲಿ ಎಂಬುದು ಅವಳ ಆಸೆ. ಕೈ ಹಿಡಿದು ಜಗ್ಗಲಿ, ಬೈಯಲಿ, ಹೊಡೆದರೂ ಆದೀತು. ಅಪ್ಪ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಅಮ್ಮ ಮೇಲಿಂದ ಸೊಸೆಯ ಹಾಸಿಗೆ ಇಳಿಸುತ್ತಿದ್ದಳು, ಅಕ್ಕನ ಕೋಣೆಗೆ. ಅಕ್ಕ ಎಲ್ಲ ಫೈಲುಗಳನ್ನೂ ಒಟ್ಟಿಗೆ ಹಿಡಿದು ತೆಗೆದುಹಾಕಿದಳು; ಕಂಪ್ಯೂಟರಿನ ಕಸದ ಬುಟ್ಟಿಗೆ ಬಿದ್ದವನ್ನೂ ತೆಗೆದುಹಾಕಿದಳು. ಪರದೆಯ ಮೇಲಿನ ಹಸಿರು ಪಟ್ಟಿ ನಿಧಾನವಾಗಿ ಮುಂದೆ ಹೋಗಿ ಮುಗಿಯಿತು.

"ಆಯ್ತಾ ಅಕ್ಕ?" ಎಂದಳು ಸೊಸೆ ಹಿಂದಿನಿಂದ. "ಏಳಿ. ನಾನು ಕೂರಬೇಕು. ಶಾಲೆಯವರು ಬರ್ತಾರೆ ಈಗ."

ಅಕ್ಕ ಎದ್ದಳು. ಸೊಸೆ ಬೀರುವಿನ ಡಿಸ್ಕು ಚುಚ್ಚಿ, ಅಕ್ಕ ಕಲಿಸಿದ ಹಾಗೆಯೇ ಒಂದೊಂದೇ ಹೆಜ್ಜೆ ಮಾಡಿದಳು. ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ; ಮೊದಲು ಬೇಕಾದ ಶಾಲೆಯ ಬ್ಯಾಡ್ಜು ಪರದೆಯ ಮೇಲಿತ್ತು. ಅವಳು ಅದನ್ನು ಯಂತ್ರಕ್ಕೆ ಕಳಿಸಿ, ಮಾದರಿಗೆಂದು ಒಂದು ತಲೆಯನ್ನಷ್ಟೇ ಓಡಿಸಿದಳು.

ಬ್ಯಾಡ್ಜಿನ ನಡುವೆ ಒಂದು ಹಕ್ಕಿ. ಸೂಜಿ ರೆಕ್ಕೆಗೆ ಬಂದಾಗ ಅಕ್ಕ ಬಾಗಿ ನೋಡಿದಳು, ಆಗ ಅವಳಿಗೆ ತಾನು ಮಾಡಿಕೊಂಡದ್ದೇನೆಂದು ತಿಳಿಯಿತು. ಇದು ಶುಕ್ರವಾರದ ಹಕ್ಕಿ. ಶನಿವಾರವಿಡೀ ಕೂತು ಅವಳು ಆ ರೆಕ್ಕೆಯನ್ನು ಬಿಚ್ಚಿ ಹೊಸದಾಗಿ ಮಾಡಿದ್ದಳು. ಒಂದೊಂದು ಗರಿಗೂ ದಾರದ ಓಟ ಬೇರೆ ಮಾಡಿ, ಬೆಳಕು ಬಿದ್ದರೆ ರೆಕ್ಕೆ ಬಿಚ್ಚಿದ ಹಾಗೆ ಕಾಣುವಂತೆ, ಕಣ್ಣಲ್ಲಿ ನೀರು ಬರುವ ತನಕ ಮಾಡಿದ್ದಳು. ಹದಿನಾಲ್ಕು ವರ್ಷದಲ್ಲಿ ಅಷ್ಟು ಒಳ್ಳೆಯ ಕೆಲಸ ಅವಳ ಕೈಯಿಂದ ಆಗಿರಲಿಲ್ಲ. ಹೇಗೂ ಶುಕ್ರವಾರ ಬರುತ್ತದಲ್ಲ ಎಂದು ಅದರ ನಕಲು ತೆಗೆದಿರಲಿಲ್ಲ. ಮನೆಯವರದೆಲ್ಲ ಇನ್ನೂ ಎರಡು ಕಡೆ ಭದ್ರವಾಗಿತ್ತು; ಅವಳು ಅಳಿಸಿದ್ದು ಅದೊಂದನ್ನೇ.

ಅವಳಿಗೆ ಅಳು ಬಂತು. ಅದರ ಹಿಂದೆಯೇ ಒಂದು ದುಷ್ಟ ಸಂತೋಷವೂ ಬಂತು. ಹಳೆಯ ರೆಕ್ಕೆ ಚಪ್ಪಟೆ. ಶಾಲೆಯವರು ಒಪ್ಪುವುದಿಲ್ಲ. ಆಗ ಇವರೆಲ್ಲ ಅವಳ ಮುಖ ನೋಡಲೇಬೇಕು. ಅವಳು ಬಾಯಿಗೆ ಬೀಗ ಹಾಕಿಕೊಂಡು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಬಾಗಿಲಿಗೆ ಒರಗಿ ನಿಂತಳು.

ಶಾಲೆಯ ಗುಮಾಸ್ತ ಬಂದ. ಗುಂಡ ಕುರ್ಚಿ ಹಾಕಿದ, ಅಮ್ಮ ಚಹಾ ಕೊಟ್ಟಳು. ಸೊಸೆ ಬ್ಯಾಡ್ಜಿನ ಸುತ್ತಲಿನ ಎಳೆಗಳನ್ನು ಕತ್ತರಿಸಿ ಅವನ ಕೈಯಲ್ಲಿಟ್ಟಳು. ಅವನು ಕನ್ನಡಕ ಹಣೆಗೇರಿಸಿ ನೋಡಿದ, ಹೆಬ್ಬೆರಳಿಂದ ಉಜ್ಜಿದ.

"ಚೆನ್ನಾಗಿದೆ," ಎಂದ. "ಇದೇ ಇರ್ಲಿ. ಹೊಲೀರಿ."

ಅಕ್ಕನಿಗೆ ತಡೆಯಲಾಗಲಿಲ್ಲ. "ಸರಿಯಾಗಿ ನೋಡಿ. ರೆಕ್ಕೆ ನೋಡಿ. ಚಪ್ಪಟೆ ಇದೆ ಅದು, ಗರೀನೇ ಇಲ್ಲ. ನಾನು ಬೇರೆ ಮಾಡಿದ್ದೆ."

ಗುಮಾಸ್ತ ಅವಳನ್ನು ನೋಡಿದ, ಬ್ಯಾಡ್ಜನ್ನು ಮತ್ತೊಮ್ಮೆ ನೋಡಿದ. ಪಾಪ, ಅವನೇನೂ ಕೆಟ್ಟವನಲ್ಲ. ಬೆಳಕಿಗೆ ಹಿಡಿದು, ಅತ್ತ ಇತ್ತ ವಾಲಿಸಿ, ನಿಜವಾಗಿ ಹುಡುಕಿಯೇ ನೋಡಿದ.

"ಹಕ್ಕಿ ಹಕ್ಕಿ ಥರಾನೇ ಇದೆಯಲ್ಲಮ್ಮ," ಎಂದ.

ಗುಂಡ ಅವಳ ಚೀಲವನ್ನೂ ಬಟ್ಟೆ ಸುತ್ತಿದ ಡಿಸ್ಕನ್ನೂ ಎತ್ತಿಕೊಂಡು ಹೊರಗೆ ನಡೆದ. ಅಕ್ಕ ಹಿಂದೆ ಹೋದಳು. ಸೊಸೆ ಬಟ್ಟೆ ಬಿಗಿದು ಆರು ತಲೆಗಳನ್ನೂ ಒಟ್ಟಿಗೆ ಶುರು ಮಾಡಿದಳು. ಆ ಸದ್ದಿನಲ್ಲಿ ಬೀದಿಯಲ್ಲಿ ಗಾಡಿ ಹೊರಟದ್ದು ಒಳಗೆ ಯಾರಿಗೂ ಕೇಳಿಸಲಿಲ್ಲ.